ಸಾಗವಾನಿ ಬಾಗಿಲಿನಿಂದ ಕಿಟಕಿ ಸರಳಿನವರೆಗೆ: ಪೇಪರ್ ಹೊಡೆಯುವ ಹದ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಂದು ಉಪ್ಪುಕಾಗದ ಕೊಡ್ರಿ" ಅಂದರೂ ತಿರುಗಿ ಬರುವ ಪ್ರಶ್ನೆ ಎರಡು: "ಎಷ್ಟು ನಂಬರ್ರೀ? ಕಟ್ಟಿಗೀಗೋ, ಕಬ್ಬಿಣಕ್ಕೋ?" ಉತ್ತರ ಗೊತ್ತಿಲ್ಲದವರು ಸಾಮಾನ್ಯವಾಗಿ ನಡುವಿನ ಒಂದು ನಂಬರ್, ಅಂದರೆ 120, ತಂದು ಬಾಗಿಲು, ಸರಳು, ಗೋಡೆ ಎಲ್ಲವನ್ನೂ ಅದರಲ್ಲೇ ಉಜ್ಜುತ್ತಾರೆ. ಹಳೇ ಬಣ್ಣ ಕಿತ್ತುವುದಕ್ಕೆ ಅದು ಸಾಲದು, ಪಾಲಿಶ್ ಹಚ್ಚುವ ಮೊದಲಿನ ಕೊನೆಯ ಕೈಗೆ ಅದು ದೊರಗಾಯಿತು. ದುಡ್ಡು ಕೊಟ್ಟು ಮಾಡಿಸಿದ ಪಾಲಿಶ್ ಕೆಟ್ಟಿತು ಎಂದು ದೂರುವವರ ಬಾಗಿಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ತಪ್ಪು ಬಹಳ ಸಲ ಪಾಲಿಶ್‌ನದ್ದಲ್ಲ, ಅದರ ಕೆಳಗೆ ಉಳಿದುಹೋದ ಗೀರುಗಳದ್ದು.

ಹಾಳೆ ಮಾಡುವ ಕೆಲಸ

ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್‌ನಲ್ಲಿ, ಈಗ ಮರಳು ಇರುವುದಿಲ್ಲ. ಕಾಗದ ಅಥವಾ ಬಟ್ಟೆಯ ಮೇಲೆ ಒಂದು ಪದರ ಅಂಟು, ಅದರ ಮೇಲೆ ಗಟ್ಟಿ ಹರಳು, ಹರಳು ಅಲುಗಾಡದಂತೆ ಮೇಲೊಂದು ಪದರ ಅಂಟು, ಇಷ್ಟೇ ಅದರ ರಚನೆ. ಕಾರ್ಖಾನೆಯಲ್ಲಿ ಹರಳುಗಳನ್ನು ವಿದ್ಯುತ್ ಕ್ಷೇತ್ರದ ಮೂಲಕ ಹಾಯಿಸಿ ಚೂಪು ತುದಿ ಮೇಲೆ ಬರುವಂತೆ ನಿಲ್ಲಿಸುತ್ತಾರೆ. ಹಾಗಾಗಿ ಪ್ರತಿ ಹರಳೂ ಒಂದು ಪುಟ್ಟ ಉಳಿಯಂತೆ ಕೆಲಸ ಮಾಡುತ್ತದೆ: ಮುಂದಕ್ಕೆ ತಳ್ಳಿದಾಗ ಒಂದು ಸಣ್ಣ ಕಾಲುವೆ ತೋಡಿ ಹಿಟ್ಟು ಎತ್ತುತ್ತದೆ. ಪೇಪರ್ ಹೊಡೆಯುವುದೆಂದರೆ ದೊಡ್ಡ ಗೀರನ್ನು ತೆಗೆದು ಅದರ ಜಾಗದಲ್ಲಿ ಸಣ್ಣ ಗೀರನ್ನು ಇಡುವುದು, ಆ ಸಣ್ಣದನ್ನು ಇನ್ನೂ ಸಣ್ಣದರಿಂದ ಅಳಿಸುವುದು. ಕಣ್ಣಿಗೆ ಕಾಣದಷ್ಟು, ಕೈಗೆ ತಾಕದಷ್ಟು ಸಣ್ಣದಾದಾಗ ನಾವು ಅದನ್ನು ನುಣುಪು ಅನ್ನುತ್ತೇವೆ. ಇದು ತಲೆಯಲ್ಲಿ ಕೂತರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ನಂಬರ್ ಹೆಚ್ಚಿದಷ್ಟೂ ಹರಳು ಸಣ್ಣದು. ಹಾಳೆಯ ಬೆನ್ನಿಗೆ ನಂಬರಿಗೆ ಮೊದಲು ಇಂಗ್ಲಿಷ್ "ಪಿ" ಅಕ್ಷರವಿದ್ದರೆ ಅದು ಯುರೋಪಿನ ಅಳತೆ. ಆ ಅಳತೆಯಲ್ಲಿ 40 ನಂಬರಿನ ಹರಳು ಸರಾಸರಿ 425 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), 80ರದ್ದು ಸುಮಾರು 200, 120ರದ್ದು 125, 180ರದ್ದು 82, 320ರದ್ದು 46, 1000ದ್ದು 18 ಮೈಕ್ರಾನ್. 80ರಿಂದ 120ಕ್ಕೆ ಹೋದರೆ ಹರಳು ಅರ್ಧಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಉಳಿಯುತ್ತದೆ, ಹಿಂದಿನ ಗೀರನ್ನು ಅಳಿಸುವ ಶಕ್ತಿ ಅದಕ್ಕಿದೆ. 80ರಿಂದ ನೇರ 320ಕ್ಕೆ ಹಾರಿದರೆ ಹರಳು ಕಾಲು ಭಾಗಕ್ಕಿಂತ ಚಿಕ್ಕದು; ಅದು ದೊಡ್ಡ ಗೀರಿನ ದಂಡೆಗಳನ್ನು ಉಜ್ಜಿ ಹೊಳಪು ಬರಿಸುತ್ತದೆ, ತಳವನ್ನು ಮುಟ್ಟುವುದೇ ಇಲ್ಲ. ಕೈಗೆ ನುಣುಪು ಅನಿಸುತ್ತದೆ. ಕಟ್ಟಿಗೆಗೆ ಬಣ್ಣ ಕುಡಿಸುವ ಸ್ಟೇನ್ ಹಚ್ಚಿದ ಕ್ಷಣ ತಳದಲ್ಲಿ ಕೂತ ಗೀರೆಲ್ಲ ಕಪ್ಪಗೆ ಎದ್ದು ಕಾಣುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಗೆ ಹಿಂದಿನ ನಂಬರಿನ ಒಂದೂವರೆ ಪಟ್ಟು ಅನ್ನುವುದು ಒಳ್ಳೆಯ ಲೆಕ್ಕ: 80, 120, 180. ಮೇಲಿನ ನಂಬರುಗಳಲ್ಲಿ ಇದನ್ನು ಸ್ವಲ್ಪ ಸಡಿಲ ಬಿಡಬಹುದು.

ಒಂದು ಎಚ್ಚರ. ಕೆಲವು ಗಾಜಿನ ಪೇಪರ್ ಮತ್ತು ಎಮರಿ ಬಟ್ಟೆಗಳಲ್ಲಿ ಈಗಲೂ ಹಳೇ ಪದ್ಧತಿಯ 0, 1, 1½, 2 ಎಂಬ ನಂಬರ್ ಇರುತ್ತದೆ. ಅಲ್ಲಿ ಲೆಕ್ಕ ತಿರುಗಾಮುರುಗಾ: ಸೊನ್ನೆ ನುಣುಪು, ಎರಡು ದೊರಗು.

ಯಾವ ಕೆಲಸಕ್ಕೆ ಯಾವ ಹಾಳೆ

ಕಟ್ಟಿಗೆಗೆ ಅಲ್ಯೂಮಿನಿಯಂ ಆಕ್ಸೈಡ್ ಹಾಳೆ ತಗೊಳ್ಳಿ, ಸಾಮಾನ್ಯವಾಗಿ ಕಂದು ಅಥವಾ ಹಳದಿ ಬಣ್ಣದ್ದು. ಹರಳು ಗಟ್ಟಿ, ಬೇಗ ಮೊಂಡಾಗುವುದಿಲ್ಲ. ಗಾರ್ನೆಟ್ ಹಾಳೆ ಸಿಕ್ಕರೆ ಕೈಕೆಲಸಕ್ಕೆ ಚೆನ್ನ, ಆದರೆ ಬೇಗ ಸವೆಯುತ್ತದೆ. ಪೇಂಟರುಗಳು ವಾಟರ್ ಪೇಪರ್ ಅನ್ನುವ ಕಪ್ಪು ಹಾಳೆ ಸಿಲಿಕಾನ್ ಕಾರ್ಬೈಡ್‌ನದು. ಇದು ಭೂಮಿಯಲ್ಲಿ ಅಗೆದು ತೆಗೆದದ್ದಲ್ಲ, ಕುಲುಮೆಯಲ್ಲಿ ಹುಟ್ಟಿದ್ದು. ಅಮೆರಿಕದ ಎಡ್ವರ್ಡ್ ಅಚೆಸನ್ ಅದರ ತಯಾರಿಕೆಗೆ 1893ರಲ್ಲಿ ಪೇಟೆಂಟ್ ಪಡೆದ. ತುಂಬಾ ಚೂಪು, ಆದರೆ ಪೆಡಸು: ಉಜ್ಜಿದಂತೆ ಹರಳು ಒಡೆದು ಹೊಸ ಅಂಚು ತೆರೆದುಕೊಳ್ಳುತ್ತದೆ. ಬಣ್ಣ, ಪ್ರೈಮರ್, ಗಾಜು, ಕಲ್ಲಿಗೆ ಅದು ಸರಿ. ಅದರ ಕಾಗದಕ್ಕೆ ನೀರು ತಡೆಯುವ ರಾಳ ಕುಡಿಸಿರುತ್ತಾರೆ. ಸಾದಾ ಕಟ್ಟಿಗೆ ಪೇಪರನ್ನು ನೀರಿಗೆ ಅದ್ದಿದರೆ ಅಂಟು ಬಿಟ್ಟು ಹರಳೆಲ್ಲ ಬಕೆಟ್ಟಿನ ತಳ ಸೇರುತ್ತದೆ. ಕಬ್ಬಿಣಕ್ಕೆ ಬಟ್ಟೆ ಬೆನ್ನಿನ ಎಮರಿ. ಸರಳಿಗೆ ಸುತ್ತಿ ಎಳೆದರೂ ಹರಿಯುವುದಿಲ್ಲ.

ಹರಳುಗಳ ನಡುವೆ ಜಾಗ ಬಿಟ್ಟ ಹಾಳೆಯೂ ಇದೆ, ಒತ್ತಾಗಿ ತುಂಬಿದ್ದೂ ಇದೆ. ಮೇಣ ಅಥವಾ ಎಣ್ಣೆ ಅಂಶವಿರುವ ಕಟ್ಟಿಗೆಗೆ, ಹಳೇ ಬಣ್ಣಕ್ಕೆ ಜಾಗ ಬಿಟ್ಟದ್ದೇ ಬೇಕು. ಸಾಗವಾನಿಯಲ್ಲಿ ಎಣ್ಣೆ ಇದೆ, ಒತ್ತು ಹಾಳೆ ನಾಲ್ಕು ಎಳೆತಕ್ಕೆ ಹಿಟ್ಟು ತುಂಬಿ ಕಟ್ಟಿಕೊಳ್ಳುತ್ತದೆ. ಮೇಲೆ ಬಿಳಿ ಸೋಪಿನ ಪುಡಿಯಂಥ ಲೇಪವಿರುವ ಹಾಳೆಗಳು ಕಟ್ಟಿಕೊಳ್ಳದೆ ಹೆಚ್ಚು ಹೊತ್ತು ಬಾಳುತ್ತವೆ. ಪಾಲಿಶ್‌ಗೆ ಮೊದಲು ಕಟ್ಟಿಗೆಯ ರಂಧ್ರ ಮುಚ್ಚಲು ಹಚ್ಚುವ ಸೀಲರ್ ಕೋಟಿನ ಮೇಲೆ ಹೊಡೆಯುವುದಕ್ಕೆ ಅವನ್ನೇ ಕೇಳಿ. ಕೊಳ್ಳುವಾಗ ಹೆಬ್ಬೆರಳಿನಿಂದ ಹಾಳೆಯನ್ನೊಮ್ಮೆ ಗಟ್ಟಿಯಾಗಿ ಉಜ್ಜಿ ನೋಡಿ. ಹರಳು ಉದುರಿದರೆ ಅದು ಹಳೇ ಮಾಲು, ಬೇಡ.

ಹಳೇ ಸಾಗವಾನಿ ಬಾಗಿಲು, ಮೊದಲಿನಿಂದ ಕೊನೆತನಕ

ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲು ಎಂದುಕೊಳ್ಳಿ. ಎರಡೂ ಮುಖ ಸೇರಿ ಸುಮಾರು 50 ಚದರಡಿ. ಒಂಬತ್ತು ಇಂಚಿಗೆ ಹನ್ನೊಂದು ಇಂಚಿನ ಪೂರ್ತಿ ಹಾಳೆಗಳ ಅಂದಾಜು ಹೀಗೆ: 80 ನಂಬರ್ 8, 120 ನಂಬರ್ 6, 180 ನಂಬರ್ 6, 320 ನಂಬರ್ 4, 400 ನಂಬರ್ 2. ಇದರಲ್ಲಿ ಜಿಪುಣತನ ಬೇಡ. ಸವೆದ ಹಾಳೆ ಕಡಿಯುವುದನ್ನು ಬಿಟ್ಟು ಬರೇ ತಿಕ್ಕುತ್ತದೆ, ಕಾವು ಹುಟ್ಟಿಸುತ್ತದೆ, ಕೈ ನೋಯಿಸುತ್ತದೆ. ಹಾಳೆಯ ಬೆಲೆ ಉಳಿಸಲು ಹೋಗಿ ಕೂಲಿಯ ಬೆಲೆ ಕೊಡುವ ಲೆಕ್ಕ ಅದು.

ಹಳೇ ಬಣ್ಣ ಇದ್ದರೆ ಮೊದಲು ಅದರ ವಿಚಾರ ಮುಗಿಸಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಎನಾಮೆಲ್‌ನಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಪೇಂಟ್ ರಿಮೂವರ್ ಹಚ್ಚಿ ಬಣ್ಣ ಉಬ್ಬಿದ ಮೇಲೆ ಪಟ್ಟಿ ಬ್ಲೇಡಿನಿಂದ ಕೆರೆದು ತೆಗೆಯಿರಿ. ಉಳಿದ ಕಲೆಗೆ ವಾಟರ್ ಪೇಪರ್ ಹಿಡಿದು ಒದ್ದೆಯಾಗಿಯೇ ಉಜ್ಜಿ. ಬಿದ್ದ ಬಣ್ಣದ ಚಕ್ಕೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಎತ್ತಿಬಿಡಿ, ಅಂಗಳಕ್ಕೆ ಗುಡಿಸಬೇಡಿ.

ಬಾಗಿಲನ್ನು ಚಿಲಕ, ಕಬ್ಜಾ ಬಿಚ್ಚಿ ಎರಡು ಮೇಜಿನ ಮೇಲೆ ಮಲಗಿಸಿದರೆ ಅರ್ಧ ಕಷ್ಟ ಕಡಿಮೆ. ನಿಂತ ಬಾಗಿಲನ್ನು ಹೊಡೆಯುವವರ ಕೈ ಮೇಲ್ಭಾಗದಲ್ಲಿ ಹಗುರ, ನಡುವೆ ಭಾರ ಬೀಳುತ್ತದೆ, ಅದು ಪಾಲಿಶ್‌ನಲ್ಲಿ ಗೊತ್ತಾಗುತ್ತದೆ.

ಈಗ ಹಾಳೆ ಸಿದ್ಧ ಮಾಡುವುದು. ಹರಳಿನ ಮುಖವನ್ನು ಮೇಲಿಟ್ಟು, ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ಎರಡು ಸಲ ಎಳೆಯಿರಿ, ಹಾಳೆ ಮೆದುವಾಗುತ್ತದೆ, ಮಡಚಿದಲ್ಲಿ ಬಿರಿಯುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಕಾಗದ ಒಣಗಿ ಪಟಪಟ ಅನ್ನುತ್ತಿರುವುದರಿಂದ ಇದನ್ನು ಬಿಡಬಾರದು. ಆಮೇಲೆ ಕಬ್ಬಿಣದ ಸ್ಕೇಲ್ ಅಥವಾ ಹ್ಯಾಕ್ಸಾ ಬ್ಲೇಡ್ ಇಟ್ಟು ನಾಲ್ಕು ತುಂಡು ಹರಿಯಿರಿ. ಕತ್ತರಿ ಬಳಸಿದರೆ ಕತ್ತರಿ ಹಾಳು. ತುಂಡಿನ ಅಳತೆ ನಾಲ್ಕೂವರೆಗೆ ಐದೂವರೆ ಇಂಚು. ನಾಲ್ಕೂವರೆ ಇಂಚು ಉದ್ದ, ಎರಡೂಮುಕ್ಕಾಲು ಇಂಚು ಅಗಲ, ಒಂದು ಇಂಚು ದಪ್ಪದ ಕಟ್ಟಿಗೆ ಗುಂಡಿಗೆ ಅದು ಸರಿಯಾಗಿ ಸುತ್ತಿಕೊಳ್ಳುತ್ತದೆ. ಗುಂಡಿನ ಕೆಳಗೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿ. ಬರೇ ಕಟ್ಟಿಗೆಯಾದರೆ ನಡುವೆ ಸಿಕ್ಕ ಒಂದು ದೊಡ್ಡ ಹರಳು ಆಳವಾಗಿ ಗೀರುತ್ತದೆ. ರಬ್ಬರ್ ಅದನ್ನು ಒಳಗೆ ನುಂಗಿಕೊಳ್ಳುತ್ತದೆ. ಬರೇ ಬೆರಳಿನಿಂದ ಹೊಡೆಯುವುದು ಸಮತಟ್ಟು ಜಾಗಕ್ಕೆ ಬೇಡ. ಬೆರಳಿನ ಭಾರ ನಾಲ್ಕು ಜಾಗದಲ್ಲಿ ಬಿದ್ದು ನಾಲ್ಕು ಹಳ್ಳ ಆಗುತ್ತವೆ. ಅಚ್ಚುಪಟ್ಟಿ, ಕೆತ್ತನೆ, ಸಂದುಗಳಿಗೆ ಮಾತ್ರ ಹಾಳೆಯನ್ನು ಮೂರು ಮಡಿಕೆ ಮಾಡಿ ಬೆರಳಲ್ಲಿ ಹಿಡಿಯಿರಿ. ನಾಲ್ಕು ಮಡಿಕೆಯಾದರೆ ಹರಳಿಗೆ ಹರಳು ತಾಗಿ ಒಂದನ್ನೊಂದು ತಿನ್ನುತ್ತವೆ.

ಶುರುಮಾಡುವ ಮೊದಲು ಬಾಗಿಲ ತುಂಬ ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಹಗುರವಾಗಿ ಗೆರೆ ಎಳೆಯಿರಿ. 80 ನಂಬರ್ ಹಿಡಿದು ಕಟ್ಟಿಗೆಯ ಎಳೆಯ ಗುಂಟವೇ ಹೊಡೆಯಿರಿ, ಅಡ್ಡ ಬೇಡ. ಪೆನ್ಸಿಲ್ ಗೆರೆ ಎಲ್ಲಾ ಕಡೆ ಮಾಯವಾಗುವ ತನಕ ಮುಂದಿನ ನಂಬರಿಗೆ ಹೋಗಬಾರದು. ಎಲ್ಲಿ ಗೆರೆ ಉಳಿದಿದೆಯೋ ಅಲ್ಲಿ ತಗ್ಗಿದೆ ಎಂದು ಅರ್ಥ. ಅಡ್ಡಪಟ್ಟಿ ಮತ್ತು ನಿಲುಪಟ್ಟಿ ಕೂಡುವಲ್ಲಿ ಎಳೆಯ ದಿಕ್ಕು ಬದಲಾಗುತ್ತದೆ, ಎಡವುವುದು ಅಲ್ಲಿಯೇ. ಮೊದಲು ಅಡ್ಡಪಟ್ಟಿ ಮುಗಿಸಿ, ಆಗ ನಿಲುಪಟ್ಟಿಯ ಮೇಲೆ ಹಾಯ್ದ ಗೀರುಗಳನ್ನು ಕೊನೆಯಲ್ಲಿ ನಿಲುಪಟ್ಟಿಯ ಗುಂಟ ಎಳೆದು ಅಳಿಸಿ. ಅಂಚುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಎರಡು ಎಳೆತ ಸಾಕು. ಹೆಚ್ಚಾದರೆ ಬಡಿಗ್ಯಾರು ರಂದಾ ಹೊಡೆದು ನಿಲ್ಲಿಸಿದ ಚೂಪಾದ ಅಂಚು ಗುಂಡಗಾಗುತ್ತದೆ.

ನಂಬರ್ ಬದಲಿಸುವ ಪ್ರತಿ ಸಲವೂ ಧೂಳು ಪೂರ್ತಿ ತೆಗೆಯಬೇಕು: ಮೊದಲು ಬ್ರಷ್, ಆಮೇಲೆ ಸ್ವಲ್ಪವೇ ಒದ್ದೆಯಾದ ಹತ್ತಿ ಬಟ್ಟೆ. ಬಾಗಿಲ ಮೇಲೆ ಬಿಟ್ಟುಹೋದ 80ರ ಒಂದೇ ಹರಳು 180ರ ಹಾಳೆಯ ಕೆಳಗೆ ಸಿಕ್ಕಿಕೊಂಡರೆ ಒಂದಡಿ ಉದ್ದದ ಗೀರು ಎಳೆದು ಹೋಗುತ್ತದೆ. ಕೈಯಲ್ಲಿನ ಗುಂಡನ್ನೂ ಒರೆಸಿ.

120 ಮುಗಿದು 180ಕ್ಕೆ ಬಂದ ಮೇಲೆ ಎಳೆ ಏಳಿಸುವ ಕೆಲಸ. ಹಿಂಡಿದ ಒದ್ದೆ ಬಟ್ಟೆಯಿಂದ ಬಾಗಿಲನ್ನೆಲ್ಲ ಒಮ್ಮೆ ಒರೆಸಿ, ನೆರಳಿನಲ್ಲಿ ಒಣಗಿಸಿ. ಅರ್ಧಂಬರ್ಧ ಕಡಿದು ಮಲಗಿದ್ದ ನವಿರಾದ ಎಳೆಗಳು ನೀರು ಕುಡಿದು ಎದ್ದು ನಿಲ್ಲುತ್ತವೆ, ಕೈಗೆ ಗರಗರ ಅನ್ನುತ್ತದೆ. ಹೊಸ 180ರ ಹಾಳೆಯಿಂದ ಭಾರ ಹಾಕದೆ ಎರಡು ಎಳೆತ, ಅಷ್ಟೇ. ಇದನ್ನು ಬಿಟ್ಟವರಿಗೆ ಮೊದಲ ಕೋಟ್ ಪಾಲಿಶ್ ಹಚ್ಚಿದಾಗ ಈ ಎಳೆಗಳು ಏಳುತ್ತವೆ, ಪಾಲಿಶ್ ಸಮೇತ ಗಟ್ಟಿಯಾಗುತ್ತವೆ. ಮೇ ತಿಂಗಳ ಬಿಸಿಲಲ್ಲಿ ಒದ್ದೆ ಬಾಗಿಲನ್ನು ಹೊರಗಿಟ್ಟು ಒಣಗಿಸುವ ಆತುರ ಬೇಡ. ಒಂದು ಮುಖ ಬೇಗ ಒಣಗಿ ಹಲಗೆ ಬಾಗಬಹುದು.

ಸ್ಟೇನ್ ಹಚ್ಚುವುದಿದ್ದರೆ 180ಕ್ಕೇ ನಿಲ್ಲಿಸಿ, ಹೆಚ್ಚೆಂದರೆ 220. ಅದಕ್ಕಿಂತ ಮೇಲೆ ಹೋದರೆ ಕಟ್ಟಿಗೆಯ ರಂಧ್ರಗಳ ಬಾಯಿ ಮುಚ್ಚಿ ಸ್ಟೇನ್ ಹಿಡಿಯುವುದಿಲ್ಲ, ಬಣ್ಣ ಮಾಸಲಾಗಿ ಕೂರುತ್ತದೆ. ನುಣುಪು ಹೆಚ್ಚಾದಷ್ಟೂ ಒಳ್ಳೆಯದು ಎಂದು 400ರ ತನಕ ಉಜ್ಜುವವರ ದುಡಿಮೆ ಇಲ್ಲಿ ದಂಡ. ಕಟ್ಟಿಗೆಯ ತುದಿಮುಖ, ಅಂದರೆ ಅಡ್ಡ ಕೊಯ್ದ ಜಾಗ, ಇದಕ್ಕೆ ಹೊರತು. ಅದು ಸ್ಟೇನ್ ಹೆಚ್ಚು ಕುಡಿದು ಕಪ್ಪಾಗುತ್ತದೆ, ಹಾಗಾಗಿ ಅಲ್ಲಿ ಒಂದು ನಂಬರ್ ಮುಂದೆ ಹೋಗಿ.

ಸೀಲರ್ ಒಂದು ಕೋಟ್ ಒಣಗಿದ ಮೇಲೆ 320, ಮುಂದಿನ ಕೋಟುಗಳ ನಡುವೆ 400, ಬರೇ ಕೈಯ ಭಾರದಲ್ಲಿ. ಇಲ್ಲಿ ಉದ್ದೇಶ ಎರಡು: ಕೋಟಿನಲ್ಲಿ ಕೂತ ಧೂಳಿನ ಕಣ ತೆಗೆಯುವುದು, ಮೇಲಿನ ಕೋಟಿಗೆ ಹಿಡಿತ ಕೊಡುವುದು. ಬಿಳಿ ಪುಡಿ ಒಣಗಿದ್ದಾಗಿ ಉದುರಬೇಕು. ಹಾಳೆಗೆ ಅಂಟಂಟಾಗಿ ಉಂಡೆ ಕಟ್ಟಿದರೆ ಕೋಟ್ ಇನ್ನೂ ಹಸಿ, ನಿಲ್ಲಿಸಿ ಕಾಯಿರಿ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಹಾರುವ ಊರುಗಳಲ್ಲಿ ಪಾಲಿಶ್ ಕೋಟನ್ನು ಗಾಳಿ ತಗ್ಗಿದ ಹೊತ್ತಿನಲ್ಲಿ, ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಹಚ್ಚಿದರೆ ಈ ಉಜ್ಜಾಟ ಅರ್ಧ ಉಳಿಯುತ್ತದೆ.

ಪ್ಲೈವುಡ್ ಬಾಗಿಲಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಮೇಲೆ ಅಂಟಿಸಿದ ಸಾಗವಾನಿಯ ತೆಳು ಪದರ, ಅಂದರೆ ವಿನೀರ್, ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. 80 ನಂಬರ್ ಹಾಳೆ ಅಂಚಿನಲ್ಲಿ ಕೆಲವೇ ಎಳೆತಕ್ಕೆ ಅದನ್ನು ದಾಟಿ ಕೆಳಗಿನ ಪದರ ತೋರಿಸಿಬಿಡುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. 180ರಿಂದಲೇ ಶುರು, ಅದೂ ಹಗುರ ಕೈಯಲ್ಲಿ.

ಮೆಷಿನ್ ಇದ್ದರೆ

ಐದು ಇಂಚಿನ ದುಂಡು ಚಕ್ರದ ಸ್ಯಾಂಡರ್ ಬಾಗಿಲಿನ ಕೆಲಸವನ್ನು ತುಂಬಾ ಹಗುರ ಮಾಡುತ್ತದೆ. ಕೆಡಿಸುವುದು ಅದನ್ನು ಒತ್ತುವ ಕೈ. ಒತ್ತಿದರೆ ಚಕ್ರದ ತಿರುಗಾಟ ತಗ್ಗಿ, ಸುರುಳಿ ಸುರುಳಿ ಗೀರು ಬೀಳುತ್ತದೆ. ಮೆಷಿನ್ನಿನ ತೂಕವೇ ಸಾಕು. ಒಂದು ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನವಾಗಿ ನಡೆಸಿ, ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ ಮುಂದಿನ ಸಾಲು ಹಿಡಿಯಿರಿ. ಧೂಳು ಎಳೆಯುವ ತೂತುಗಳು ಡಿಸ್ಕಿನ ತೂತಿಗೆ ಸರಿಹೊಂದಿವೆಯೇ ನೋಡಿಕೊಳ್ಳಿ. ತಪ್ಪಿದರೆ ಧೂಳು ಕೆಳಗೇ ಉಳಿದು ಹಾಳೆ ಕಟ್ಟಿಕೊಳ್ಳುತ್ತದೆ. ಕೊನೆಯ ನಂಬರನ್ನು ಅದೇ ನಂಬರಿನ ಹಾಳೆಯಿಂದ ಕೈಯಲ್ಲಿ, ಎಳೆಯ ಗುಂಟ, ಇನ್ನೊಮ್ಮೆ ಎಳೆಯಿರಿ. ಅಂಗಲ್ ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಬಾಗಿಲ ಮೇಲೆ ಬಿಡುವವರಿದ್ದಾರೆ. ಅದು ಕಬ್ಬಿಣದ ಸಾಮಾನು, ಬಾಗಿಲಿನಿಂದ ದೂರವೇ ಇರಲಿ.

ಹೊಡೆದದ್ದು ಸರಿಯಾಯಿತೇ ಎಂದು ನೋಡಲು ಸಂಜೆ ಲೈಟ್ ಆರಿಸಿ, ಟಾರ್ಚನ್ನು ಬಾಗಿಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಅಡ್ಡಗೀರು ನೆರಳಾಗಿ ಎದ್ದು ಕಾಣುತ್ತದೆ. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿದರೂ ಪಾಲಿಶ್ ಹಚ್ಚಿದ ಮೇಲೆ ಹೇಗೆ ಕಾಣುತ್ತದೆಂದು ಕ್ಷಣಕಾಲ ಗೊತ್ತಾಗುತ್ತದೆ. ಅದು ಪೂರ್ತಿ ಆರಿದ ಮೇಲೆಯೇ ಮುಂದಿನ ಕೈ.

ಕಬ್ಬಿಣದ ಕಿಟಕಿ, ಗೇಟು

ಇಲ್ಲಿ ನುಣುಪಿನ ಆಸೆಯೇ ಬೇಡ. ಹೊಳೆಯುವಂತೆ ಉಜ್ಜಿದ ಕಬ್ಬಿಣದ ಮೇಲೆ ಪ್ರೈಮರ್ ಹಿಡಿಯುವುದಿಲ್ಲ, ಅದಕ್ಕೆ ಸ್ವಲ್ಪ ದೊರಗು ಬೇಕು. ಚಕ್ಕೆಯಾದ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಕೆರೆದು, 60 ಅಥವಾ 80 ನಂಬರಿನ ಎಮರಿ ಬಟ್ಟೆಯನ್ನು ಒಂದು ಇಂಚು ಅಗಲ ಪಟ್ಟಿ ಹರಿದು ಸರಳಿಗೆ ಸುತ್ತಿ, ಎರಡೂ ಕೈಯಲ್ಲಿ ಆಚೆ ಈಚೆ ಎಳೆಯಿರಿ. ಬಳಿಕ 120ರಲ್ಲಿ ಒಮ್ಮೆ. ಗಟ್ಟಿಯಾಗಿ ಹಿಡಿದ ಹಳೇ ಬಣ್ಣವನ್ನು ಕೀಳಬೇಕಿಲ್ಲ, ಅದರ ಹೊಳಪು ಸತ್ತರೆ ಸಾಕು. ಆದರೆ ಬಣ್ಣ ಮತ್ತು ಬರೇ ಕಬ್ಬಿಣ ಕೂಡುವ ಅಂಚನ್ನು ಇಳಿಜಾರಾಗುವಂತೆ ಉಜ್ಜಬೇಕು, ಇಲ್ಲದಿದ್ದರೆ ಹೊಸ ಬಣ್ಣದಲ್ಲೂ ಮೆಟ್ಟಿಲು ಕಾಣುತ್ತದೆ. ಥಿನ್ನರ್ ಬಟ್ಟೆಯಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಬೆಳಿಗ್ಗೆ ಉಜ್ಜಿ, ಮರುದಿನ ಹಚ್ಚೋಣ ಎಂದು ಬಿಟ್ಟರೆ ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಕಂದು ಪುಡಿ ಕೂತಿರುತ್ತದೆ. ಬರೇ ಕಬ್ಬಿಣಕ್ಕೆ ನೀರು ಹಾಕಿ ಉಜ್ಜಬಾರದು. ಪ್ರೈಮರ್ ಒಣಗಿದ ಮೇಲೆ 320ರ ವಾಟರ್ ಪೇಪರ್ ಹಗುರವಾಗಿ, ಅನಂತರ ಎನಾಮೆಲ್.

ಗಾಡಿ ಬಣ್ಣದ ಗೀರಿಗೆ 1500, 2000 ನಂಬರ್ ವಾಟರ್ ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒಂದು ಹನಿ ಶಾಂಪೂ ಹಾಕಿ ಹೊಡೆಯುತ್ತಾರೆ. ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಅಷ್ಟೇ, ಕೈ ಜಾಸ್ತಿಯಾದರೆ ಬಣ್ಣಕ್ಕೇ ತಲುಪುತ್ತದೆ. ಗಡಸು ಬೋರ್ ನೀರು ಗಾಡಿಯ ಟ್ಯಾಂಕಿನ ಮೇಲೆ ಒಣಗಿದರೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ, ಒಣಗುವ ಮೊದಲೇ ಒರೆಸಿಬಿಡಿ.

ಗೋಡೆ, ಜೀನ್ಸ್, ಗೊಂಬೆ

ಗೋಡೆ ಪುಟ್ಟಿಗೆ 180ರಲ್ಲಿ ಪಟ್ಟಿ ಬ್ಲೇಡಿನ ಏಣು ತೆಗೆದು 320ರಲ್ಲಿ ಮುಗಿಸಿದರೆ ಸಾಕು. ಸಿಮೆಂಟ್ ಪುಟ್ಟಿ ಹಲವು ದಿನ ಬಿಟ್ಟರೆ ಕಲ್ಲಾಗುತ್ತದೆ, ಕೈ ಸೋಲುತ್ತದೆ. ಉಜ್ಜಿದರೆ ಕೊನೆಯಿಲ್ಲದೆ ಹಿಟ್ಟು ಉದುರುತ್ತಲೇ ಇದ್ದರೆ ತಪ್ಪು ಹಾಳೆಯದ್ದಲ್ಲ. ಕಾದ ಗೋಡೆಗೆ ನೀರು ಹಾಕದೆ ಪುಟ್ಟಿ ಹಚ್ಚಿದ್ದರಿಂದ ಗೋಡೆಯೇ ನೀರನ್ನೆಲ್ಲ ಕುಡಿದು ಸಿಮೆಂಟ್ ಗಟ್ಟಿಯಾಗಿಲ್ಲ.

ಬಳ್ಳಾರಿಗೆ ಹೆಸರು ತಂದ ಜೀನ್ಸ್‌ನಲ್ಲೂ ಸ್ಯಾಂಡ್‌ಪೇಪರ್‌ಗೆ ಕೆಲಸವಿದೆ. ಡೆನಿಮ್ ನೂಲಿಗೆ ಇಂಡಿಗೊ ಮೇಲ್ಮೈಯಲ್ಲಿ ಮಾತ್ರ ಹಿಡಿದಿರುತ್ತದೆ, ತಿರುಳು ಬಿಳಿ. ತೊಡೆ, ಮೊಣಕಾಲಿನ ಜಾಗವನ್ನು ಗಾಳಿ ತುಂಬಿದ ರಬ್ಬರ್ ಕಾಲಿನ ಮೇಲೆ ಬಿಗಿದು, 220ರಿಂದ 400ರ ನಡುವಿನ ಹಾಳೆಯಿಂದ ಹಗುರವಾಗಿ ಎಳೆದರೆ ಮೇಲಿನ ನೀಲಿ ಹೋಗಿ ಹಳೇ ಪ್ಯಾಂಟಿನ ಬಿಳುಪು ಬರುತ್ತದೆ. ಹೊಲಿಗೆಯ ಮೇಲೆ ಹಾಳೆ ಹಾಯಿಸಿದರೆ ದಾರ ಮೊದಲು ಹರಿಯುತ್ತದೆ. ನೂಲಿನ ಧೂಳೂ ಕೆಟ್ಟದ್ದೇ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬಾರದು.

ಕೊಪ್ಪಳದ ಕಿನ್ನಾಳದ ಗೊಂಬೆಯಂಥ, ಹುಣಸೆಬೀಜದ ಸರಿಯಲ್ಲಿ ಕಲಸಿದ ಲೇಪವಿರುವ ಕಟ್ಟಿಗೆ ಕೆಲಸಕ್ಕೆ ನೀರು ಮುಟ್ಟಿಸುವಂತಿಲ್ಲ, ಆ ಸರಿ ನೀರಿಗೆ ಮೆದುವಾಗುತ್ತದೆ. ಬರೇ ಒಣ 220 ಅಥವಾ 320, ಬೆರಳ ತುದಿಯಲ್ಲಿ. ಕುಷ್ಟಗಿ ಕಡೆಯ ಗ್ರಾನೈಟ್ ಅಂಚಿಗೆ ಕಟ್ಟಿಗೆ ಹಾಳೆ ಹಿಡಿದು ಕೂರುವುದು ವ್ಯರ್ಥ. ಗ್ರಾನೈಟಿನ ಬೆಣಚು ಗಾರ್ನೆಟ್ ಹರಳಿನ ಗಡಸುತನಕ್ಕೆ ಹೆಚ್ಚುಕಡಿಮೆ ಸಮ. ಅಲ್ಲಿ ನೀರು ಹಾಕಿ ತಿರುಗಿಸುವ ಡೈಮಂಡ್ ಪ್ಯಾಡೇ ಬೇಕು.

ಧೂಳು, ಹಾಳೆ, ಹಳೇ ಬಟ್ಟೆ

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಟವೆಲ್ ಕಟ್ಟಿದರೆ ದಪ್ಪ ಧೂಳು ನಿಲ್ಲುತ್ತದೆ, ಶ್ವಾಸಕೋಶಕ್ಕೆ ಇಳಿಯುವ ಸಣ್ಣದು ನಿಲ್ಲುವುದಿಲ್ಲ. ಎನ್-95 ಮಾಸ್ಕ್ ಹಾಕಿ, ಗಡ್ಡದ ಮೇಲೆ ಅದು ಸರಿಯಾಗಿ ಕೂರುವುದಿಲ್ಲ ಎಂಬುದೂ ನೆನಪಿರಲಿ. ಫ್ಯಾನನ್ನು ನಿಮ್ಮ ಬೆನ್ನ ಹಿಂದೆ, ಧೂಳು ಬಾಗಿಲಾಚೆ ಹೋಗುವಂತೆ ಇಡಿ.

ಕಟ್ಟಿಕೊಂಡ ಹಾಳೆಯನ್ನು ಬಿಸಾಡುವ ಮೊದಲು ಬೆನ್ನನ್ನು ಮೇಜಿಗೆ ಬಡಿದು, ಚಪ್ಪಲಿಯ ಕ್ರೇಪ್ ಸೋಲ್ ರಬ್ಬರಿನಿಂದ ಒಮ್ಮೆ ಉಜ್ಜಿ. ಹಿಟ್ಟು ಬಿಟ್ಟು ಹರಳು ಕಂಡರೆ ಇನ್ನೂ ಬಾಳುತ್ತದೆ. ಹರಳೇ ಮೊಂಡಾಗಿ ಹೊಳೆಯುತ್ತಿದ್ದರೆ ಸಮತಟ್ಟು ಕೆಲಸಕ್ಕೆ ಬೇಡ, ಅಂಚು ಮುರಿಯಲು ಇಟ್ಟುಕೊಳ್ಳಿ. ಹೊಸ ಹಾಳೆಗಳನ್ನು ನೆಲಕ್ಕೆ ತಾಗದಂತೆ, ತಗಡಿನ ಛಾವಣಿಯ ಕಾವಿಗೆ ದೂರವಾಗಿ, ಎರಡು ಪ್ಲೈವುಡ್ ತುಂಡಿನ ನಡುವೆ ಮಲಗಿಸಿಡಿ. ಸುರುಳಿಯಾದ ಹಾಳೆ ಗುಂಡಿಗೆ ಸಮನಾಗಿ ಕೂರುವುದೇ ಇಲ್ಲ. ನಂಬರ್ ಬೆನ್ನ ಮೇಲೆ ಒಂದೆರಡು ಕಡೆ ಮಾತ್ರ ಅಚ್ಚಾಗಿರುತ್ತದೆ. ಹರಿದ ಪ್ರತಿ ತುಂಡಿಗೂ ಪೆನ್ನಿನಲ್ಲಿ ಬರೆದಿಡಿ, 120 ಮತ್ತು 180ನ್ನು ಕೈಯಿಂದ ಮುಟ್ಟಿ ಗುರುತಿಸುವುದು ಸುಲಭವಲ್ಲ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮರದ ಹಿಟ್ಟಿನ ಗುಡ್ಡೆಯ ಹತ್ತಿರ ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಒಂದೊಂದೇ ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿಗೆ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.